ಹಳೆ ಕಾರಿನ ಎಂಜಿನ್ ಆಯಿಲ್ ಸೋರಿಕೆ: ಹನಿ ಬಿದ್ದ ಜಾಗವೇ ಸೋರುವ ಜಾಗವಲ್ಲ

ಚಂದಾಪುರ (ಚಿಂಚೋಳಿ ತಾಲ್ಲೂಕು): ರಾತ್ರಿ ಮನೆ ಮುಂದೆ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ತೆಗೆದಾಗ ಶಹಾಬಾದ್ ಕಲ್ಲಿನ ಹಾಸಿನ ಮೇಲೆ ರೂಪಾಯಿ ನಾಣ್ಯದಗಲ ಕಪ್ಪು ಕಲೆ ಉಳಿದಿರುತ್ತದೆ. ಹಳೆ ಕಾರಿನ ಮಾಲೀಕರಲ್ಲಿ ಇದನ್ನು ಕಂಡಾಗ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆ. ಹಳೆಯ ಗಾಡಿ ಸೋರದೆ ಇರುತ್ತದೆಯೇ ಎಂದು ಸುಮ್ಮನಾಗುವುದು ಒಂದು. ಎಂಜಿನ್ ಇಳಿಸಿ ಪೂರ್ತಿ ಬಿಚ್ಚಿಸದೆ ಗತ್ಯಂತರವಿಲ್ಲ ಎಂದು ಹಣ ಹೊಂದಿಸಲು ಹೊರಡುವುದು ಇನ್ನೊಂದು. ಎರಡೂ ನಷ್ಟದ ದಾರಿಗಳೇ. ಹೆಚ್ಚಿನ ಸೋರಿಕೆಗಳ ಮೂಲ ಕೆಲವೇ ರೂಪಾಯಿಗಳ ಒಂದು ವಾಷರ್, ಒಂದು ರಬ್ಬರ್ ಉಂಗುರ ಅಥವಾ ಕಸ ತುಂಬಿದ ಒಂದು ಕೊಳವೆಯಾಗಿರುತ್ತದೆ. ಕಷ್ಟವಿರುವುದು ದುರಸ್ತಿಯಲ್ಲಿ ಅಲ್ಲ, ಮೂಲವನ್ನು ಪತ್ತೆ ಹಚ್ಚುವುದರಲ್ಲಿ.

ಮುಲ್ಲಾಮಾರಿ ನದಿಯ ಆಚೀಚೆ ಇರುವ ಚಿಂಚೋಳಿ ಮತ್ತು ಚಂದಾಪುರದಿಂದ ಸೇಡಂ, ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದ್‌ವರೆಗಿನ ಸೀಮೆ ಸುಣ್ಣಕಲ್ಲು ಮತ್ತು ಸಿಮೆಂಟಿನ ನಾಡು. ಇಲ್ಲಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಈ ಬಿಸಿಲು ಎಂಜಿನ್ನಿನ ರಬ್ಬರ್ ಸೀಲುಗಳನ್ನು ಬೇಗ ಗಟ್ಟಿಯಾಗಿಸುತ್ತದೆ. ಗಣಿ ಮತ್ತು ಕಾರ್ಖಾನೆಗಳ ಸುತ್ತಲಿನ ರಸ್ತೆಯ ನುಣುಪು ದೂಳು ಆಯಿಲ್ ತೇವಕ್ಕೆ ಅಂಟಿ ಎಂಜಿನ್ ಮೇಲೆ ಗಾರೆಯಂಥ ಪದರ ಕಟ್ಟುತ್ತದೆ. ಈ ಪದರ ಸಣ್ಣ ಸೋರಿಕೆಯನ್ನು ದೊಡ್ಡದಾಗಿ ತೋರಿಸುವುದಲ್ಲದೆ ಅದರ ಮೂಲವನ್ನೂ ಮುಚ್ಚಿಬಿಡುತ್ತದೆ.

ರಸ್ತೆಯಲ್ಲಿ ಇಂದಿಗೂ ಕಾಣಸಿಗುವ ಹಳೆ ಕಾರುಗಳ ತಯಾರಿಕೆ ನಿಂತು ಕಾಲವಾಯಿತು. 1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕೂಡ 2014ರಲ್ಲೇ ನಿಂತಿತು. ಮಾರುತಿ ಓಮ್ನಿ 2019ರಲ್ಲಿ ತೆರೆಮರೆಗೆ ಸರಿಯಿತು. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಇವೆಲ್ಲಕ್ಕಿಂತ ಮೊದಲೇ ಕಣ್ಮರೆಯಾಯಿತು. 15 ವರ್ಷ ತುಂಬಿದ ಖಾಸಗಿ ಕಾರಿಗೆ ತಪಾಸಣೆಗೆ ಒಳಪಟ್ಟು ನೋಂದಣಿ ನವೀಕರಿಸಿಕೊಳ್ಳಬೇಕು; ಆ ನವೀಕರಣ ಐದು ವರ್ಷಕ್ಕೊಮ್ಮೆ. ಇಂಥ ಕಾರನ್ನು ಉಳಿಸಿಕೊಳ್ಳಬಯಸುವವರು ಎಂಜಿನ್ ಸೋರಿಕೆಯ ಶಾಸ್ತ್ರವನ್ನು ಸ್ವಲ್ಪವಾದರೂ ಅರಿತಿರುವುದು ಒಳಿತು.

ಹನಿಯ ಲೆಕ್ಕ

ಒಂದು ಮಿಲಿಲೀಟರ್ ಆಯಿಲ್‌ನಲ್ಲಿ ಸುಮಾರು 25 ಹನಿಗಳಿರುತ್ತವೆ ಎಂದುಕೊಳ್ಳೋಣ. ಎಂಜಿನ್ ಚಾಲೂ ಇರುವಾಗ ಹತ್ತು ಸೆಕೆಂಡಿಗೆ ಒಂದು ಹನಿ ಬೀಳುತ್ತಿದ್ದರೆ ಗಂಟೆಗೆ 360 ಹನಿ, ಅಂದರೆ ಸುಮಾರು 15 ಮಿಲಿಲೀಟರ್. ಗಂಟೆಗೆ 40 ಕಿ.ಮೀ. ಸರಾಸರಿ ವೇಗದಲ್ಲಿ 5,000 ಕಿ.ಮೀ. ಓಡಲು 125 ಗಂಟೆ ಬೇಕು. ಅಷ್ಟರಲ್ಲಿ ಸುಮಾರು 1.8 ಲೀಟರ್ ಆಯಿಲ್ ರಸ್ತೆಯ ಪಾಲಾಗಿರುತ್ತದೆ. ಮಾರುತಿ 800ರ 796 ಸಿಸಿ ಎಂಜಿನ್ ಹಿಡಿಯುವುದೇ ಎರಡೂವರೆಯಿಂದ ಮೂರು ಲೀಟರ್. ಮುಂದಿನ ಸರ್ವೀಸ್‌ವರೆಗೆ ನೋಡದೆ ಬಿಟ್ಟರೆ ಉಳಿಯುವುದು ಒಂದು ಲೀಟರಿನ ಆಸುಪಾಸು.

ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಡ್ಯಾಶ್‌ಬೋರ್ಡ್‌ನಲ್ಲಿರುವ ಕೆಂಪು ಆಯಿಲ್ ದೀಪ ಆಯಿಲ್ ಕಡಿಮೆಯಾಗಿದೆ ಎಂದು ಎಚ್ಚರಿಸುತ್ತದೆ ಎಂದು ಅನೇಕರು ನಂಬಿದ್ದಾರೆ. ಹಳೆ ಕಾರುಗಳಲ್ಲಿ ಆ ದೀಪ ತೋರಿಸುವುದು ಆಯಿಲ್‌ನ ಮಟ್ಟವನ್ನಲ್ಲ, ಒತ್ತಡವನ್ನು. ಪಂಪಿಗೆ ಎಳೆದುಕೊಳ್ಳಲು ಆಯಿಲ್ ಸಿಗದಂತಾದಾಗ ಮಾತ್ರ ಒತ್ತಡ ಕುಸಿದು ದೀಪ ಹೊತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಬೇರಿಂಗ್‌ಗಳ ಸವೆತ ಆರಂಭವಾಗಿರುತ್ತದೆ. ಓಡುತ್ತಿರುವಾಗ ದೀಪ ಹೊತ್ತಿದರೆ ಮುಂದಿನ ಊರು ಹತ್ತಿರವಿದೆಯೆಂದು ಎಳೆದುಕೊಂಡು ಹೋಗದೆ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಚಿಂಚೋಳಿಯಿಂದ ಕುಂಚಾವರಂ ಕಡೆಗಿನ ಕಾಡಿನ ದಾರಿಯಲ್ಲಿ ಎಂಜಿನ್ ಹಿಡಿದುಕೊಂಡರೆ ಟೋಯಿಂಗ್ ವೆಚ್ಚವೇ ಹತ್ತಾರು ಸೀಲುಗಳ ಬೆಲೆಯನ್ನು ಮೀರುತ್ತದೆ.

ಆದ್ದರಿಂದ ಸೋರುವ ಎಂಜಿನ್ನಿಗೆ ಮೊದಲ ಚಿಕಿತ್ಸೆ ಡಿಪ್‌ಸ್ಟಿಕ್. ಸಮತಟ್ಟಾದ ಜಾಗದಲ್ಲಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಅದನ್ನು ಹೊರತೆಗೆದು ಒರೆಸಿ, ಮತ್ತೆ ಇಳಿಸಿ ನೋಡಬೇಕು. ಕಿಲೋಮೀಟರ್ ಮತ್ತು ಮಟ್ಟವನ್ನು ವಾರಕ್ಕೊಮ್ಮೆ ಬರೆದಿಟ್ಟರೆ ಸೋರಿಕೆ ಹೆಚ್ಚುತ್ತಿದೆಯೇ ಇಲ್ಲವೇ ಎಂಬುದಕ್ಕೆ ಊಹೆ ಬೇಕಾಗುವುದಿಲ್ಲ. ಮಟ್ಟ ಇಳಿಯುತ್ತಿದ್ದರೂ ನೆಲದ ಮೇಲೆ ಕಲೆಯಿಲ್ಲದೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ ಅದು ಸೋರಿಕೆಯಲ್ಲ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಆಯಿಲ್ ಒಳಗೇ ಉರಿಯುತ್ತಿದೆ ಎಂದರ್ಥ. ಅದರ ಚಿಕಿತ್ಸೆ ಬೇರೆ.

ಸೋರುತ್ತಿರುವುದು ಯಾವ ದ್ರವ?

ಕಾರಿನಿಂದ ಬೀಳುವ ಹನಿಯೆಲ್ಲ ಎಂಜಿನ್ ಆಯಿಲ್ ಅಲ್ಲ. ಸಂಜೆ ಕಾರಿನ ಕೆಳಗೆ ದೊಡ್ಡ ರಟ್ಟು ಅಥವಾ ಬಿಳಿ ಹಾಳೆ ಹಾಸಿ, ಮುಂದಿನ ಎರಡು ಚಕ್ರಗಳ ಜಾಗವನ್ನು ಅದರ ಮೇಲೆ ಗುರುತು ಮಾಡಿಕೊಳ್ಳಬೇಕು. ಬೆಳಿಗ್ಗೆ ಕಲೆಯ ಬಣ್ಣ, ವಾಸನೆ ಮತ್ತು ಸ್ಥಾನವನ್ನು ಗಮನಿಸಬೇಕು. ಶಹಾಬಾದ್ ಕಲ್ಲು ಎಣ್ಣೆಯನ್ನು ಹೀರಿಕೊಳ್ಳುವುದರಿಂದ ಅದರ ಮೇಲಿನ ಕಲೆ ನೋಡಿ ಅಳೆಯುವುದು ಕಷ್ಟ.

ಕಂದು ಅಥವಾ ಕಪ್ಪು ಬಣ್ಣದ, ಬೆರಳಿಗೆ ಜಾರುವ ದ್ರವ ಎಂಜಿನ್ ಆಯಿಲ್. ಅದಕ್ಕಿಂತ ದಪ್ಪಗಿದ್ದು ಗಂಧಕದ ಘಾಟು ಇದ್ದರೆ ಗೇರ್ ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣದ, ನೀರಿನಂಥ ದ್ರವ ರೇಡಿಯೇಟರ್ ಕೂಲಂಟ್. ಚಕ್ರದ ಒಳಬದಿಯಲ್ಲಿ ಅಥವಾ ಪೆಡಲ್ ಬಳಿ ತಿಳಿ ಹಳದಿ ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಅದನ್ನು ಸರಿಪಡಿಸದೆ ಕಾರು ಓಡಿಸಬಾರದು. ಎ.ಸಿ. ಬಳಸಿದ ಮೇಲೆ ಬೀಳುವ ಶುದ್ಧ ನೀರಿನ ಬಗ್ಗೆ ಚಿಂತೆ ಬೇಡ.

ಡಿಪ್‌ಸ್ಟಿಕ್‌ನ ವಾಸನೆಯನ್ನೂ ನೋಡಬೇಕು. ಕಾರ್ಬುರೇಟರ್ ಇರುವ ಹಳೆ ಎಂಜಿನ್‌ಗಳಲ್ಲಿ ಯಾಂತ್ರಿಕ ಪೆಟ್ರೋಲ್ ಪಂಪಿನ ಒಳಗಿನ ರಬ್ಬರ್ ಪೊರೆ ಹರಿದರೆ ಪೆಟ್ರೋಲ್ ನೇರವಾಗಿ ಆಯಿಲ್‌ಗೆ ಸೇರುತ್ತದೆ. ಆಗ ಮಟ್ಟ ಇಳಿಯುವ ಬದಲು ಏರುತ್ತದೆ. ತೆಳ್ಳಗಾದ ಆಯಿಲ್ ಎಲ್ಲ ಸಂದುಗಳಿಂದಲೂ ಜಿನುಗತೊಡಗುತ್ತದೆ. ಪೆಟ್ರೋಲ್ ವಾಸನೆ ಬಂದರೆ ಪಂಪ್ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕುವವರೆಗೆ ಎಂಜಿನ್ ಚಾಲೂ ಮಾಡದಿರುವುದೇ ಕ್ಷೇಮ.

ಮೊದಲು ತೊಳೆಯಬೇಕು

ಸೋರಿದ ಆಯಿಲ್ ಎರಡು ದಿಕ್ಕಿಗೆ ಚಲಿಸುತ್ತದೆ. ಭಾರದಿಂದ ಕೆಳಕ್ಕೆ ಇಳಿಯುತ್ತದೆ. ಕಾರು ಓಡುವಾಗ ಗಾಳಿ ಮತ್ತು ಫ್ಯಾನಿನ ರಭಸಕ್ಕೆ ಹಿಂದಕ್ಕೆ ಹರಡುತ್ತದೆ. ಎಂಜಿನ್ನಿನ ತುತ್ತತುದಿಯಲ್ಲಿ ಜಿನುಗಿದ ಆಯಿಲ್ ಬ್ಲಾಕಿನ ಬದಿಯಲ್ಲಿ ಇಳಿದು, ತಳದ ತೊಟ್ಟಿಯ ಅಂಚಿನಲ್ಲಿ ಸಾಗಿ, ಕೊನೆಗೆ ಅತ್ಯಂತ ಕೆಳಗಿರುವ ಬೋಲ್ಟಿನಿಂದ ತೊಟ್ಟಿಕ್ಕುತ್ತದೆ. ಆ ಬೋಲ್ಟನ್ನು ಎಷ್ಟು ಬಿಗಿ ಮಾಡಿದರೂ ಹನಿ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮೇಲಿನ ಮತ್ತು ಎಲ್ಲಕ್ಕಿಂತ ಮುಂದಿನ ತೇವದ ಜಾಗವನ್ನು ಹುಡುಕುವುದೇ ಪತ್ತೆಯ ಮೂಲ ಸೂತ್ರ.

ಹಳೆಯ ಜಿಡ್ಡಿನ ಮೇಲೆ ಹೊಸ ಸೋರಿಕೆ ಕಾಣುವುದಿಲ್ಲವಾದ್ದರಿಂದ ಎಂಜಿನ್ ತೊಳೆಯದೆ ಪತ್ತೆ ಸಾಧ್ಯವಿಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ತಂತಿ ತೆಗೆದು, ಡಿಸ್ಟ್ರಿಬ್ಯೂಟರ್, ಕಾಯಿಲ್, ಆಲ್ಟರ್ನೇಟರ್ ಮತ್ತು ಕಾರ್ಬುರೇಟರ್ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಬೇಕು. ಗಟ್ಟಿಯಾದ ದೂಳಿನ ಪದರವನ್ನು ಮರದ ಚಕ್ಕೆ ಅಥವಾ ಹಳೆ ಬ್ರಷ್‌ನಿಂದ ಕೆರೆದು, ಜಿಡ್ಡು ತೆಗೆಯುವ ದ್ರಾವಣ ಅಥವಾ ಬಟ್ಟೆ ಸೋಪಿನ ಪುಡಿಯ ನೀರು ಹಚ್ಚಿ, ಕಾಲು ಗಂಟೆ ಬಿಟ್ಟು ಸಾಧಾರಣ ನೀರಿನಿಂದ ತೊಳೆಯಬಹುದು. ಗ್ಯಾರೇಜುಗಳಲ್ಲಿ ಸೀಮೆಎಣ್ಣೆ ಅಥವಾ ಡೀಸೆಲ್ ಸಿಂಪಡಿಸುವ ರೂಢಿ ಇದೆ. ಇವೆರಡೂ ರಬ್ಬರ್ ಬೆಲ್ಟ್ ಮತ್ತು ಹೋಸ್‌ಗಳಿಗೆ ಹಾನಿಕರ. ಬಿಸಿ ಎಂಜಿನ್ ಮೇಲೆ ಬಳಸಿದರೆ ಬೆಂಕಿಯ ಅಪಾಯವೂ ಉಂಟು.

ಟ್ಯಾಲ್ಕಂ ಪೌಡರಿನ ಉಪಾಯ

ತೊಳೆದ ಎಂಜಿನ್ ಚೆನ್ನಾಗಿ ಒಣಗಿದ ಮೇಲೆ ಅನುಮಾನವಿರುವ ಜೋಡಣೆಗಳ ಸುತ್ತ ಮುಖಕ್ಕೆ ಹಚ್ಚುವ ಟ್ಯಾಲ್ಕಂ ಪೌಡರ್ ಅನ್ನು ತೆಳುವಾಗಿ ಉದುರಿಸಬೇಕು. ಬಳಿಕ ನಿಂತಲ್ಲೇ ಹದಿನೈದು ನಿಮಿಷ ಎಂಜಿನ್ ಓಡಿಸಿ ಟಾರ್ಚ್ ಹಾಗೂ ಚಿಕ್ಕ ಕನ್ನಡಿ ಹಿಡಿದು ಪರೀಕ್ಷಿಸಬೇಕು. ಸೋರುವ ಜಾಗದಿಂದ ಹೊರಟ ಆಯಿಲ್ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆದಿರುತ್ತದೆ. ಆ ಗೆರೆಯನ್ನು ಮೇಲ್ಮುಖವಾಗಿ ಹಿಂಬಾಲಿಸಿದರೆ ಮೂಲ ಸಿಗುತ್ತದೆ. ಏನೂ ಕಾಣದಿದ್ದರೆ ಹತ್ತು ಹದಿನೈದು ಕಿ.ಮೀ. ಓಡಿಸಿ ಬಂದು ಮತ್ತೊಮ್ಮೆ ನೋಡಬೇಕು. ಎಂಜಿನ್ ಓಡುವಾಗ ಫ್ಯಾನ್ ಮತ್ತು ಬೆಲ್ಟ್‌ಗಳಿಂದ ಕೈ, ಸೀರೆಯ ಸೆರಗು, ಟವೆಲ್ ದೂರವಿರಲಿ.

ಇದಕ್ಕೂ ಸಿಕ್ಕದ ಸೂಕ್ಷ್ಮ ಸೋರಿಕೆಗೆ ಹೊಳೆಯುವ ಬಣ್ಣದ ದ್ರಾವಣ ಸಿಗುತ್ತದೆ. ಅದನ್ನು ಆಯಿಲ್‌ಗೆ ಬೆರೆಸಿ, ಕೆಲ ದಿನ ಓಡಿಸಿ, ಕತ್ತಲಲ್ಲಿ ನೇರಳಾತೀತ ಬೆಳಕಿನ ಟಾರ್ಚ್ ಹಾಯಿಸಿದರೆ ಸೋರುವ ಜಾಗ ಹಳದಿ ಹಸಿರಾಗಿ ಮಿನುಗುತ್ತದೆ.

ಸೋರಿಕೆಯ ಸಮಯವೂ ಸುಳಿವು ನೀಡುತ್ತದೆ. ಎಂಜಿನ್ ಓಡುವಾಗ ಮಾತ್ರ ವೇಗವಾಗಿ ಸೋರಿದರೆ ಒತ್ತಡದ ಆಯಿಲ್ ಇರುವ ಜಾಗಗಳನ್ನು, ಅಂದರೆ ಆಯಿಲ್ ಫಿಲ್ಟರ್ ಮತ್ತು ಆಯಿಲ್ ಪ್ರೆಷರ್ ಸ್ವಿಚ್ ಅನ್ನು ಮೊದಲು ಅನುಮಾನಿಸಬೇಕು. ನಿಂತ ಮೇಲೂ ರಾತ್ರಿಯಿಡೀ ಹನಿ ಬಿದ್ದರೆ ಡ್ರೈನ್ ಬೋಲ್ಟ್, ತಳದ ತೊಟ್ಟಿಯ ಪ್ಯಾಕಿಂಗ್‌ನಂಥ ಕೆಳಭಾಗದ ಜೋಡಣೆಗಳತ್ತ ಗಮನ ಹರಿಸಬೇಕು.

ಎಂಜಿನ್ನಿನ ಉಸಿರಾಟ

ಸೀಲು, ಪ್ಯಾಕಿಂಗ್ ಬದಲಿಸಿದರೂ ತಿಂಗಳೊಳಗೆ ಮತ್ತೆ ಸೋರಿಕೆ ಎಂಬ ದೂರು ಸಾಮಾನ್ಯ. ಇದರ ಹಿಂದೆ ಬಹುತೇಕ ವೇಳೆ ಇರುವುದು ಬ್ರೀದರ್ ಎಂಬ ಉಸಿರು ಕೊಳವೆಯ ತೊಂದರೆ. ಪಿಸ್ಟನ್ ಸುತ್ತ ನುಸುಳುವ ಅನಿಲ ಎಂಜಿನ್ನಿನ ಕೆಳಭಾಗ ಸೇರುತ್ತದೆ. ಅದು ಹೊರಹೋಗಲೆಂದು ಟ್ಯಾಪೆಟ್ ಕವರ್‌ನಿಂದ ಏರ್ ಕ್ಲೀನರ್ ಅಥವಾ ಮ್ಯಾನಿಫೋಲ್ಡ್‌ಗೆ ಒಂದು ಕೊಳವೆ ಇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪಿಸಿವಿ ಎಂಬ ಚಿಕ್ಕ ವಾಲ್ವ್ ಕೂಡ ಇರುತ್ತದೆ. ಈ ಮಾರ್ಗದಲ್ಲಿ ಜಿಡ್ಡು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಆಯಿಲ್ ಅನ್ನು ಇದ್ದಬದ್ದ ಸೀಲುಗಳ ಮೂಲಕ ಹೊರದಬ್ಬುತ್ತದೆ. ಆಗ ಹೊಸ ಸೀಲ್ ಹಾಕಿಸುವುದೆಂದರೆ ಕುದಿಯುವ ಪಾತ್ರೆಯ ಮುಚ್ಚಳವನ್ನು ಒತ್ತಿ ಹಿಡಿದಂತೆ.

ಪರೀಕ್ಷೆ ಸರಳ. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಿಡಿಯಬೇಕು. ಹಾಳೆ ಮೆಲ್ಲಗೆ ಒಳಕ್ಕೆ ಎಳೆಯಲ್ಪಟ್ಟರೆ ಅಥವಾ ಸುಮ್ಮನೆ ಅದುರಿದರೆ ಉಸಿರಾಟ ಸರಿಯಿದೆ. ಬಲೂನಿನಂತೆ ಉಬ್ಬಿದರೆ ಒಳಗೆ ಒತ್ತಡವಿದೆ. ಕೊಳವೆ ಮತ್ತು ವಾಲ್ವ್ ಕಳಚಿ ಶುಚಿಗೊಳಿಸಿ, ಏರ್ ಫಿಲ್ಟರ್ ಸ್ಥಿತಿ ನೋಡಿ ಮತ್ತೆ ಪರೀಕ್ಷಿಸಬೇಕು. ಕೊಳವೆ ಶುಚಿಯಿದ್ದರೂ ಹಾಳೆ ಉಬ್ಬುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಇದೆ. ಗ್ಯಾರೇಜಿನಲ್ಲಿ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಿದರೆ ಅದು ಸ್ಪಷ್ಟವಾಗುತ್ತದೆ. ಮುಚ್ಚಳ ತೆಗೆಯುವ ಮುನ್ನ ಅದರ ಸುತ್ತಲಿನ ದೂಳು ಒರೆಸುವುದನ್ನು ಮರೆಯಬಾರದು. ಸುಣ್ಣಕಲ್ಲಿನ ಪುಡಿ ಒಳಬಿದ್ದರೆ ಬೇರಿಂಗಿಗೆ ಕುರುಪೇಪರ್ ಉಜ್ಜಿದಂತೆ.

ಮೇಲಿನಿಂದ ಕೆಳಗೆ: ಸೋರುವ ಜಾಗಗಳು

ಟ್ಯಾಪೆಟ್ ಕವರ್: ಹಳೆ ಎಂಜಿನ್‌ಗಳಲ್ಲಿ ಮೊದಲು ನೋಡಬೇಕಾದ ಜಾಗ. ಬಿರಡೆಯ ಪ್ಯಾಕಿಂಗ್ ಒಣಗಿ ಕುಗ್ಗುತ್ತದೆ. ರಬ್ಬರಿನದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹಲವು ಕಾರುಗಳಲ್ಲಿ ಇಲ್ಲಿಂದ ಇಳಿದ ಆಯಿಲ್ ಬಿಸಿ ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ ಬಿದ್ದು ಸುಟ್ಟ ವಾಸನೆ ಹಾಗೂ ಹೊಗೆ ಬರುತ್ತದೆ. ಬೆಂಕಿಯ ಅಪಾಯವಿರುವುದರಿಂದ ಇದನ್ನು ಮುಂದೂಡಬಾರದು. ಸೀಟಿನ ಕೆಳಗೆ ಎಂಜಿನ್ ಇರುವ ಓಮ್ನಿಯಲ್ಲಿ ಈ ವಾಸನೆ ಗಾಡಿಯೊಳಗೇ ತುಂಬಿಕೊಳ್ಳುತ್ತದೆ.

ಡಿಸ್ಟ್ರಿಬ್ಯೂಟರ್: ಮಾರುತಿಯ ಹಳೆಯ 796 ಸಿಸಿ ಎಂಜಿನ್‌ನಲ್ಲಿ ಇದು ಹೆಡ್‌ನ ತುದಿಯಲ್ಲಿ ಕ್ಯಾಮ್ ಶಾಫ್ಟ್‌ಗೆ ಜೋಡಿಸಿಕೊಂಡಿರುತ್ತದೆ. ಅದರ ರಬ್ಬರ್ ಉಂಗುರ ಹಳತಾದರೆ ಆಯಿಲ್ ಗೇರ್ ಬಾಕ್ಸ್ ಮೇಲೆ ಇಳಿಯುತ್ತದೆ. ಕಳಚುವ ಮೊದಲು ಡಿಸ್ಟ್ರಿಬ್ಯೂಟರ್ ಇರುವ ಸ್ಥಾನವನ್ನು ಸುಣ್ಣ ಅಥವಾ ಬಣ್ಣದಿಂದ ಗುರುತು ಮಾಡಿಕೊಂಡರೆ ಟೈಮಿಂಗ್ ತಪ್ಪುವುದಿಲ್ಲ.

ಪೆಟ್ರೋಲ್ ಪಂಪ್: ಹಳೆಯ ಯಾಂತ್ರಿಕ ಪಂಪ್ ಎಂಜಿನ್ನಿಗೆ ಕೂರುವಲ್ಲಿ ತೆಳು ಪ್ಯಾಕಿಂಗ್ ಇರುತ್ತದೆ. ಎರಡು ಬೋಲ್ಟ್‌ಗಳ ಕೆಲಸ.

ಆಯಿಲ್ ಪ್ರೆಷರ್ ಸ್ವಿಚ್: ಹೆಬ್ಬೆರಳ ಗಾತ್ರದ ಈ ಸ್ವಿಚ್‌ನ ಪ್ಲಾಸ್ಟಿಕ್ ಭಾಗದಿಂದಲೇ ಆಯಿಲ್ ಜಿನುಗುತ್ತಿದ್ದರೆ ಬಿಗಿ ಮಾಡಿ ಫಲವಿಲ್ಲ, ಬದಲಿಸಬೇಕು. ಇದರ ಹಿಂದೆ ಎಂಜಿನ್ನಿನ ಪೂರ್ಣ ಒತ್ತಡವಿರುವುದರಿಂದ ಇಲ್ಲಿನ ಸಣ್ಣ ಬಿರುಕೂ ಬೇಗ ದೊಡ್ಡದಾಗುತ್ತದೆ.

ಆಯಿಲ್ ಫಿಲ್ಟರ್: ಹಳೆಯ ಫಿಲ್ಟರ್‌ನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು, ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಕೆಲ ಕಿಲೋಮೀಟರ್‌ಗಳಲ್ಲೇ ಆಯಿಲ್ ಪೂರ್ತಿ ಖಾಲಿಯಾಗಬಹುದು. ಹೊಸ ಉಂಗುರಕ್ಕೆ ಆಯಿಲ್ ಸವರಿ, ತಾಗುವವರೆಗೆ ತಿರುಗಿಸಿ, ಬಳಿಕ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿ ಮಾಡಿದರೆ ಸಾಮಾನ್ಯವಾಗಿ ಸಾಕು.

ಮುಂಬದಿಯ ಸೀಲುಗಳು: ಕ್ರ್ಯಾಂಕ್ ಪುಲ್ಲಿಯ ಹಿಂದೆ ಹಾಗೂ ಕ್ಯಾಮ್ ಶಾಫ್ಟ್ ಮುಂದೆ ಆಯಿಲ್ ಸೀಲುಗಳಿರುತ್ತವೆ. ಮಾರುತಿ 800ರಲ್ಲಿ ಇವುಗಳ ಬದಿಯಲ್ಲೇ ಟೈಮಿಂಗ್ ಬೆಲ್ಟ್ ಓಡುತ್ತದೆ. ಆಯಿಲ್ ಕುಡಿದ ಬೆಲ್ಟ್ ಮೆತ್ತಗಾಗಿ ಹಲ್ಲು ಜಾರಬಹುದು ಅಥವಾ ತುಂಡಾಗಬಹುದು. ಸೀಲ್ ಬದಲಿಸುವಾಗ ಬೆಲ್ಟ್ ಕೂಡ ಹೊಸದು ಹಾಕಿದರೆ ಒಂದೇ ಕೂಲಿಯಲ್ಲಿ ಎರಡು ಕೆಲಸ.

ಆಯಿಲ್ ಚೇಂಬರ್: ಗ್ಯಾರೇಜುಗಳಲ್ಲಿ ಚೇಂಬರ್ ಎಂದು ಕರೆಯುವ ತಳದ ತೊಟ್ಟಿಗೆ ರಸ್ತೆಯ ಕಲ್ಲುಗಳ ಪೆಟ್ಟು ಸಹಜ. ಬೋಲ್ಟ್‌ಗಳನ್ನು ಪದೇ ಪದೇ ಬಿಗಿ ಮಾಡಿದರೆ ತಗಡಿನ ಅಂಚು ಬೋಲ್ಟಿನ ಸುತ್ತ ಮೇಲಕ್ಕೆದ್ದು, ನಡುವೆ ಸಂದು ಉಳಿಯುತ್ತದೆ. ಚೇಂಬರ್ ಇಳಿಸಿ, ಅಂಚನ್ನು ಸಮತಟ್ಟಾದ ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೇರಗೊಳಿಸಿದ ನಂತರವೇ ಹೊಸ ಪ್ಯಾಕಿಂಗ್ ಹಾಕಬೇಕು.

ಡ್ರೈನ್ ಬೋಲ್ಟ್: ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಅನ್ನು ಪ್ರತಿ ಬಾರಿ ಆಯಿಲ್ ಬದಲಿಸುವಾಗ ಹೊಸದು ಹಾಕುವುದು ಉತ್ತಮ. ಸೋರಿಕೆ ನಿಲ್ಲಿಸಲೆಂದು ಅತಿಯಾಗಿ ಬಿಗಿ ಮಾಡಿದರೆ ಮರೆ ಕಿತ್ತುಹೋಗಿ ಚೇಂಬರನ್ನೇ ಬದಲಿಸಬೇಕಾದೀತು.

ಗೇರ್ ಬಾಕ್ಸ್ ಇಳಿಸುವ ಮುನ್ನ

ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಕೆಳತುದಿಯಿಂದ ಹನಿ ಬಿದ್ದರೆ ಕ್ರ್ಯಾಂಕ್ ಶಾಫ್ಟ್‌ನ ಹಿಂಬದಿ ಸೀಲ್ ಹೋಗಿದೆ ಎಂಬುದು ಗ್ಯಾರೇಜುಗಳ ಸಿದ್ಧ ಉತ್ತರ. ಈ ಸೀಲಿನ ಬೆಲೆ ಹೆಚ್ಚಿಲ್ಲ. ಆದರೆ ಗೇರ್ ಬಾಕ್ಸ್ ಇಳಿಸಿ, ಕ್ಲಚ್ ಮತ್ತು ಫ್ಲೈವೀಲ್ ಬಿಚ್ಚಬೇಕಾದ್ದರಿಂದ ಕೂಲಿ ಹೆಚ್ಚು. ಮಾಲೀಕರ ಜೇಬಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲಿಯೇ. ಹೀಗಾಗಿ ಒಪ್ಪಿಗೆ ಕೊಡುವ ಮೊದಲು ನಾಲ್ಕು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು.

ಒಂದು, ಟ್ಯಾಪೆಟ್ ಕವರ್‌ನ ಹಿಂತುದಿ ಹಾಗೂ ಡಿಸ್ಟ್ರಿಬ್ಯೂಟರ್ ಒಣಗಿವೆಯೇ? ಇವುಗಳಿಂದ ಇಳಿದ ಆಯಿಲ್ ಕೂಡ ಇದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಎರಡು, ಪ್ರೆಷರ್ ಸ್ವಿಚ್ ಮತ್ತು ಫಿಲ್ಟರ್ ಸುತ್ತ ಒಣಗಿದೆಯೇ? ಮೂರು, ಬ್ರೀದರ್ ಶುಚಿಯಿದೆಯೇ? ನಾಲ್ಕು, ಬೀಳುತ್ತಿರುವುದು ಎಂಜಿನ್ ಆಯಿಲೋ ಗೇರ್ ಆಯಿಲೋ? ಗಂಧಕದ ವಾಸನೆ ಇದ್ದರೆ ತಪ್ಪಿತಸ್ಥ ಗೇರ್ ಬಾಕ್ಸ್‌ನ ಸೀಲ್.

ಈ ನಾಲ್ಕೂ ಸರಿಯಿದ್ದು, ಕ್ಲಚ್ ಜಾರುವ ಲಕ್ಷಣವೂ ಸೇರಿದ್ದರೆ ಹಿಂಬದಿ ಸೀಲ್ ಬದಲಿಸುವುದು ಅನಿವಾರ್ಯ. ಆಗ ಗೇರ್ ಬಾಕ್ಸ್ ಸೀಲ್ ಮತ್ತು ಕ್ಲಚ್ ಪ್ಲೇಟ್‌ಗಳನ್ನೂ ಪರೀಕ್ಷಿಸಿ, ಬೇಕಿದ್ದರೆ ಒಟ್ಟಿಗೇ ಬದಲಿಸುವುದು ಜಾಣತನ.

ಅಂಬಾಸಿಡರ್ ಎಂಜಿನ್ನಿನ ವಿಶೇಷ

ಅಂಬಾಸಿಡರ್‌ನ ಹಳೆಯ 1,489 ಸಿಸಿ ಪೆಟ್ರೋಲ್ ಎಂಜಿನ್ ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ವಿನ್ಯಾಸ. ಅದರ ಕ್ರ್ಯಾಂಕ್ ಶಾಫ್ಟ್‌ನ ಹಿಂತುದಿಯಲ್ಲಿ ಇಂದಿನ ಎಂಜಿನ್‌ಗಳಂತೆ ರಬ್ಬರ್ ಸೀಲ್ ಇಲ್ಲ. ಶಾಫ್ಟ್ ಮೇಲೆ ತಿರುಪಿನಂಥ ಕೊರೆತವಿದ್ದು, ತಿರುಗುವಾಗ ಅದು ಆಯಿಲ್ ಅನ್ನು ಒಳಕ್ಕೆ ತಳ್ಳುತ್ತದೆ. ಎಂಜಿನ್ ನಿಂತಾಗ ಈ ಕೆಲಸವೂ ನಿಲ್ಲುವುದರಿಂದ ಒಂದೆರಡು ಹನಿ ಬೀಳುವುದು ಆ ವಿನ್ಯಾಸದ ಗುಣ. ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಇನ್ನಷ್ಟು. ಇದನ್ನು ಅರಿಯದೆ ಗೇರ್ ಬಾಕ್ಸ್ ಇಳಿಸಿದರೆ ಬದಲಿಸಲು ಅಲ್ಲಿ ಸೀಲೇ ಇರುವುದಿಲ್ಲ. ಸೋರಿಕೆ ಅತಿಯಾದರೆ ಬ್ರೀದರ್ ಕಟ್ಟಿರುವುದು ಅಥವಾ ಮುಖ್ಯ ಬೇರಿಂಗ್ ಸವೆದಿರುವುದು ಕಾರಣವಿರಬಹುದು. ಈ ಎಂಜಿನ್ನಿನ ಬ್ಲಾಕಿನ ಬದಿಯಲ್ಲಿರುವ ಮುಚ್ಚಳಗಳ ಪ್ಯಾಕಿಂಗ್ ಕೂಡ ಸೋರುತ್ತದೆ. ಮೇಲಿನಿಂದ ನೋಡಿದಾಗ ಅವು ಕಣ್ಣಿಗೆ ಬೀಳುವುದಿಲ್ಲ.

ಪ್ಯಾಕಿಂಗ್ ಕೂರಿಸುವ ಕ್ರಮ

ಹಳೆಯ ಪ್ಯಾಕಿಂಗಿನ ಚೂರುಗಳನ್ನು ಪೂರ್ತಿ ಕೆರೆದು, ಎರಡೂ ಮೇಲ್ಮೈಗಳನ್ನು ಜಿಡ್ಡಿಲ್ಲದಂತೆ ಒರೆಸುವುದರಲ್ಲೇ ಅರ್ಧ ಕೆಲಸ ಮುಗಿದಂತೆ. ಅಲ್ಯೂಮಿನಿಯಂ ಹೆಡ್ ಮೇಲೆ ಚೂಪಾದ ಉಳಿ ಬಳಸಿದರೆ ಗೀರು ಬಿದ್ದು ಹೊಸ ಸೋರಿಕೆಗೆ ದಾರಿಯಾಗುತ್ತದೆ. ಕೆರೆದ ಪುಡಿ ಎಂಜಿನ್ ಒಳಗೆ ಬೀಳದಂತೆ ಬಟ್ಟೆ ತುಂಬಿ, ಕೊನೆಗೆ ಆ ಬಟ್ಟೆಯನ್ನು ತೆಗೆಯಲು ನೆನಪಿಡಬೇಕು.

ಬೋಲ್ಟ್‌ಗಳನ್ನು ನಡುವಿನಿಂದ ಆರಂಭಿಸಿ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿ ಮಾಡಬೇಕು. ಟ್ಯಾಪೆಟ್ ಕವರಿಗೆ ಬೇಕಾದ ಬಲ ತೀರಾ ಕಡಿಮೆ. ಉದ್ದನೆಯ ಪಾನಾ ಹಿಡಿದು ಬಲಪ್ರಯೋಗ ಮಾಡಿದರೆ ಬಿರಡೆ ಹಿಸುಕಿ ಹೊರಬರುತ್ತದೆ, ತಗಡು ಬಾಗುತ್ತದೆ. ಸಿಲಿಕಾನ್ ಪೇಸ್ಟ್ ಅನ್ನು ತಯಾರಕರು ಸೂಚಿಸಿದ ಜಾಗ ಹಾಗೂ ಮೂಲೆಗಳಿಗಷ್ಟೇ ತೆಳುವಾಗಿ ಹಚ್ಚಬೇಕು. ಧಾರಾಳವಾಗಿ ಮೆತ್ತಿದರೆ ಒಳಗೆ ಉಬ್ಬಿದ ಪೇಸ್ಟ್ ಕಳಚಿ, ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿ, ಒತ್ತಡವೇ ಇಲ್ಲದಂತಾಗುತ್ತದೆ.

ತಿರುಗುವ ಶಾಫ್ಟಿನ ಸೀಲ್ ಹಾಕುವಾಗ ಅದರ ತುಟಿಗೆ ಆಯಿಲ್ ಸವರಿರಬೇಕು. ಶಾಫ್ಟ್ ಮೇಲೆ ಹಳೆ ಸೀಲ್ ಕೊರೆದ ಗೆರೆ ಉಗುರಿಗೆ ತಾಗುವಂತಿದ್ದರೆ, ಸ್ಥಳಾವಕಾಶವಿದ್ದಲ್ಲಿ ಹೊಸ ಸೀಲನ್ನು ಕೊಂಚ ಹಿಂದೆ ಮುಂದೆ ಕೂರಿಸಿ, ತುಟಿ ಸವೆಯದ ಭಾಗವನ್ನು ತಾಗುವಂತೆ ಮಾಡಬಹುದು.

ಕಾರಿನ ಕೆಳಗೆ ನುಸುಳುವವರು ಕೇವಲ ಜಾಕ್ ನಂಬಬಾರದು. ಈ ಭಾಗದಲ್ಲಿ ಸುಲಭವಾಗಿ ಸಿಗುವ ಶಹಾಬಾದ್ ಕಲ್ಲಿನ ಚಪ್ಪಡಿಗಳನ್ನು ಜೋಡಿಸಿ ಕಾರಿಗೆ ಆಧಾರ ಕೊಡುವುದು ಜೀವಕ್ಕೇ ಅಪಾಯ. ಚಪ್ಪಡಿ ಭಾರಕ್ಕೆ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಚಕ್ರಗಳಿಗೆ ಅಡ್ಡಗಟ್ಟೆ ಕೊಡಲೇಬೇಕು.

ಬಾಟಲಿಯ ಔಷಧ ಮತ್ತು ದಪ್ಪ ಆಯಿಲ್

ಸೋರಿಕೆ ನಿಲ್ಲಿಸುವ ದ್ರಾವಣಗಳು ಗಟ್ಟಿಯಾದ ರಬ್ಬರ್ ಅನ್ನು ಸ್ವಲ್ಪ ಮೆತ್ತಗಾಗಿಸಿ ಹಿಗ್ಗಿಸುತ್ತವೆ. ಸಣ್ಣ ಜಿನುಗಿಗೆ ಕೆಲಕಾಲ ಪರಿಹಾರ ಸಿಗಬಹುದು. ಹರಿದ ಸೀಲ್, ಒಡೆದ ಪ್ಯಾಕಿಂಗ್, ಸಡಿಲ ಬೋಲ್ಟ್‌ಗಳಿಗೆ ಇದರಿಂದ ಪ್ರಯೋಜನವಿಲ್ಲ. ಕೈಪಿಡಿ ಹೇಳಿದ್ದಕ್ಕಿಂತ ದಪ್ಪ ಆಯಿಲ್ ಹಾಕಿದರೆ ಹನಿ ನಿಧಾನವಾಗಬಹುದು. ಆದರೆ ಬೆಳಗಿನ ಚಳಿಯಲ್ಲಿ ಎಂಜಿನ್ ಮೇಲ್ಭಾಗಕ್ಕೆ ಆಯಿಲ್ ತಲುಪುವುದೂ ನಿಧಾನವಾಗುತ್ತದೆ. ಕೈಪಿಡಿಯಲ್ಲಿ ಸೂಚಿಸಿದ ದರ್ಜೆಗಳಲ್ಲೇ ಬೇಸಿಗೆಗೆ ಹೊಂದುವುದನ್ನು ಆರಿಸಿಕೊಳ್ಳುವುದು ಸೂಕ್ತ. ಗರಿಷ್ಠ ಗುರುತು ಮೀರಿ ಆಯಿಲ್ ತುಂಬುವುದೂ ಸೋರಿಕೆಗೆ ಕಾರಣವಾಗುತ್ತದೆ.

ಯಾವುದು ತುರ್ತು, ಯಾವುದು ತಡೆಯಬಹುದು

ಮೇಲ್ಮೈ ಒದ್ದೆಯಾಗಿದ್ದು ಹನಿ ಬೀಳದಿದ್ದರೆ ಅದು ಜಿನುಗು. ಮಟ್ಟ ಗಮನಿಸುತ್ತ, ಮುಂದಿನ ಸರ್ವೀಸ್‌ವರೆಗೆ ತಡೆಯಬಹುದು. ಬಿಸಿ ಮ್ಯಾನಿಫೋಲ್ಡ್, ಟೈಮಿಂಗ್ ಬೆಲ್ಟ್, ಕ್ಲಚ್ ಅಥವಾ ವಿದ್ಯುತ್ ತಂತಿಗಳ ಮೇಲೆ ಬೀಳುವ ಸೋರಿಕೆ, ಹಾಗೂ ಪ್ರೆಷರ್ ಸ್ವಿಚ್, ಫಿಲ್ಟರ್‌ಗಳ ಸೋರಿಕೆ ಎಷ್ಟು ಚಿಕ್ಕದಿದ್ದರೂ ತುರ್ತು. ಉಳಿದವುಗಳಲ್ಲಿ ಅಗ್ಗದ ಹಾಗೂ ಮೇಲಿನ ಜಾಗದ ದುರಸ್ತಿ ಮೊದಲು, ದುಬಾರಿ ಹಾಗೂ ಕೆಳಗಿನದು ಕೊನೆಗೆ. ಪ್ರತಿ ದುರಸ್ತಿಯ ನಂತರ ಮತ್ತೆ ಎಂಜಿನ್ ಒರೆಸಿ, ಪೌಡರ್ ಉದುರಿಸಿ ನೋಡಬೇಕು. ಹಳೆ ಎಂಜಿನ್‌ಗಳಲ್ಲಿ ಏಕಕಾಲಕ್ಕೆ ಎರಡು ಮೂರು ಕಡೆ ಸೋರಿಕೆ ಇರುವುದು ವಿರಳವಲ್ಲ.

ಬಳಸಿದ ಆಯಿಲ್ ಅನ್ನು ಚರಂಡಿಗೆ ಸುರಿಯುವುದು, ಹೊಲದ ಬದುವಿಗೆ ಚೆಲ್ಲುವುದು ಸಲ್ಲದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಇದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ನೆಲಕ್ಕೆ ಬಿದ್ದ ಆಯಿಲ್ ಮಳೆಗಾಲದಲ್ಲಿ ಕೊಚ್ಚಿ ಸೇರುವುದು ಮುಲ್ಲಾಮಾರಿ, ಕಾಗಿಣಾ ನದಿಗಳನ್ನೇ.

ನೆನಪಿನಲ್ಲಿಡಬೇಕಾದ ಕ್ರಮ

* ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ, ಕಿಲೋಮೀಟರ್ ಸಹಿತ ಬರೆದಿಡುವುದು.

* ರಟ್ಟು ಹಾಸಿ ದ್ರವ ಯಾವುದೆಂದು ತಿಳಿಯುವುದು.

* ತಣ್ಣಗಿನ ಎಂಜಿನ್ ತೊಳೆದು, ಒಣಗಿಸಿ, ಪೌಡರ್ ಹಾಕಿ ಅತಿ ಮೇಲಿನ ತೇವದ ಜಾಗ ಹುಡುಕುವುದು.

* ಯಾವುದೇ ಸೀಲ್ ಬದಲಿಸುವ ಮೊದಲು ಬ್ರೀದರ್ ಶುಚಿ ಮಾಡುವುದು.

* ಮೇಲಿನ ಜಾಗಗಳೆಲ್ಲ ಒಣಗಿರುವುದು ಖಚಿತವಾಗದೆ ಗೇರ್ ಬಾಕ್ಸ್ ಇಳಿಸಲು ಒಪ್ಪದಿರುವುದು.

* ಕೆಂಪು ದೀಪ ಹೊತ್ತಿದ ಕ್ಷಣ ಎಂಜಿನ್ ಬಂದ್ ಮಾಡುವುದು.